ಕತ್ತರಿಸಲಿರುವ ಪೈಪಿಗೂ ಹೆಸರಿರಬೇಕು
ಹಳೆಯ ಘಟಕಗಳ ನವೀಕರಣ ಮತ್ತು ಕಂಪ್ಯೂಟರ್ ನಕ್ಷೆ

ರಾಮನಗರದ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕಗಳಲ್ಲಿ ಕಾಟೇಜ್ ಬೇಸಿನ್ ತೆಗೆದು ಮಲ್ಟಿ ಎಂಡ್, ಮಲ್ಟಿ ಎಂಡ್ ತೆಗೆದು ಸ್ವಯಂಚಾಲಿತ ಯಂತ್ರ ಕೂರಿಸುವ ಕಾರ್ಯ ಹಲವು ವರ್ಷಗಳಿಂದ ನಡೆದುಬಂದಿದೆ. ಯಂತ್ರದ ಬೆಲೆ, ಸಹಾಯಧನ, ಬ್ಯಾಂಕಿನ ಸಾಲ ಇವುಗಳ ಬಗ್ಗೆ ಮಾಲೀಕರು ಕೂಲಂಕಷವಾಗಿ ವಿಚಾರಿಸುತ್ತಾರೆ. ಆದರೆ ಹಳೆಯ ಬೇಸಿನ್ನುಗಳಿಗೆ ಹಬೆ, ಬಿಸಿನೀರು, ತಣ್ಣೀರು ಒಯ್ಯುತ್ತಿದ್ದ ಪೈಪುಗಳಲ್ಲಿ ಯಾವುದನ್ನು ಕತ್ತರಿಸಬೇಕು, ಯಾವುದನ್ನು ಉಳಿಸಬೇಕು ಎಂಬುದು ಮಾತ್ರ ಗ್ಯಾಸ್ ಕಟಿಂಗ್ ಮಾಡುವವನು ಷೆಡ್ಡಿನೊಳಗೆ ಬಂದು ನಿಂತ ಮೇಲೆಯೇ ನಿರ್ಧಾರವಾಗುತ್ತದೆ.

ಇದರ ಅಪಾಯ ಬಲ್ಲವರಿಗೆ ಗೊತ್ತು. ಒಂದೇ ಬಾಯ್ಲರಿನಿಂದ ಗೂಡು ಬೇಯಿಸುವ ತೊಟ್ಟಿಗೂ, ಬೇಸಿನ್ನುಗಳಿಗೂ, ಮರುಸುತ್ತುವ ಕೋಣೆಯ ಶಾಖದ ಪೈಪುಗಳಿಗೂ ಹಬೆ ಹಂಚಿಕೆಯಾಗುತ್ತಿರುತ್ತದೆ. ಷೆಡ್ಡಿನ ಅರ್ಧ ಭಾಗ ದುರಸ್ತಿಯಲ್ಲಿದ್ದು ಉಳಿದರ್ಧ ದುಡಿಯುತ್ತಿರುವಾಗ, ಮಸಿ ಹಿಡಿದು ಒಂದೇ ಬಗೆಯಾಗಿ ಕಾಣುವ ಮೂರು ಪೈಪುಗಳಲ್ಲಿ ತಪ್ಪಾದುದಕ್ಕೆ ಕಟರ್ ಹಿಡಿದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ. ಬಿಡದಿ, ಹಾರೋಹಳ್ಳಿ ಕೈಗಾರಿಕಾ ಪ್ರದೇಶಗಳ ಸಣ್ಣ ಕಾರ್ಖಾನೆಗಳಲ್ಲಿ ಹಬೆಯ ಜಾಗದಲ್ಲಿ ಒತ್ತಡದ ಗಾಳಿ ಅಥವಾ ಎಣ್ಣೆ ಇರಬಹುದು, ಪ್ರಶ್ನೆ ಅದೇ.

ಹಂತಗಳ ಲೆಕ್ಕ

ನವೀಕರಣದ ನಕ್ಷೆಗಳನ್ನು ಇಂದು ಅನೇಕ ಸಲಹೆಗಾರರು ಆಟೋಡೆಸ್ಕ್ ಕಂಪನಿಯ ರೆವಿಟ್ ತಂತ್ರಾಂಶದಲ್ಲಿ ಸಿದ್ಧಪಡಿಸುತ್ತಾರೆ. ಇದರಲ್ಲಿ ಪ್ರತಿಯೊಂದು ಪೈಪೂ ಬರಿಯ ಗೆರೆಯಲ್ಲ. ತನ್ನ ವ್ಯಾಸ, ಉದ್ದ, ವ್ಯವಸ್ಥೆಗಳ ವಿವರವನ್ನು ತನ್ನಲ್ಲೇ ಇಟ್ಟುಕೊಂಡ ವಸ್ತು. ಜೊತೆಗೆ ಎರಡು ಕಾಲಸೂಚನೆಗಳಿರುತ್ತವೆ: ಅದು ಯಾವ ಹಂತದಲ್ಲಿ ಹುಟ್ಟಿತು, ಯಾವ ಹಂತದಲ್ಲಿ ಕೆಡವಲ್ಪಟ್ಟಿತು. ಹಳೆಯ ಪೈಪನ್ನು ‘ಎಕ್ಸಿಸ್ಟಿಂಗ್’ ಹಂತದಲ್ಲಿ ಹುಟ್ಟಿದ್ದೆಂದೂ ‘ನ್ಯೂ ಕನ್‌ಸ್ಟ್ರಕ್ಷನ್’ ಹಂತದಲ್ಲಿ ಕೆಡವತಕ್ಕದ್ದೆಂದೂ ನಮೂದಿಸಿದರೆ ನಕ್ಷೆಯಲ್ಲಿ ಅದು ತುಂಡು ಗೆರೆಯಾಗಿ ಮೂಡುತ್ತದೆ. ಯಾವ ಹಾಳೆಯಲ್ಲಿ ಏನು ಕಾಣಬೇಕೆಂಬುದನ್ನು ‘ಫೇಸ್ ಫಿಲ್ಟರ್’ ಎಂಬ ಸೋಸುವ ಕ್ರಮ ನಿರ್ಧರಿಸುತ್ತದೆ. ‘ಶೋ ಕಂಪ್ಲೀಟ್’ ಎಂದು ಇಟ್ಟ ಹಾಳೆಯಲ್ಲಿ ಕೆಡವಿದ ಪೈಪು ಕಾಣದು. ಪೈಪು ಕಾಣದಿದ್ದಲ್ಲಿ ಅದರ ಲೇಬಲೂ ಕಾಣದು. ಆದ್ದರಿಂದ ಕೆಡವುವ ಕೆಲಸಕ್ಕೆ ‘ಶೋ ಪ್ರೀವಿಯಸ್ + ಡೆಮೊ’ ಇಟ್ಟ ಪ್ರತ್ಯೇಕ ಹಾಳೆಯೇ ಬೇಕು. ಹೊಸದು ಹಳೆಯದು ಎಲ್ಲವನ್ನೂ ಒಂದೇ ಹಾಳೆಯಲ್ಲಿ ತುಂಬಿಕೊಟ್ಟ ನಕ್ಷೆಯನ್ನು ಒಪ್ಪಿಕೊಳ್ಳದಿರುವುದು ಲೇಸು.

ಇನ್ನು ಮುಖ್ಯ ತೊಡಕಿಗೆ ಬರೋಣ. ರೆವಿಟ್‌ನಲ್ಲಿ ಪೈಪಿನ ಲೇಬಲು ತನ್ನ ಪಠ್ಯವನ್ನು ಪೈಪಿನ ವಿವರದಿಂದಲೇ ಓದಿಕೊಳ್ಳುತ್ತದೆ. ‘ಹಬೆ’, ‘ಬಿಸಿನೀರು’ ಎಂಬ ಹೆಸರು ಬರುವುದು ಆ ಪೈಪು ಸೇರಿರುವ ವ್ಯವಸ್ಥೆಯಿಂದ. ಕೆಡವತಕ್ಕದ್ದೆಂದು ಗುರುತಿಸಿದೊಡನೆ ಪೈಪು ಆ ವ್ಯವಸ್ಥೆಯಿಂದ ಕಳಚಿಕೊಳ್ಳುತ್ತದೆ. ಪರಿಣಾಮವಾಗಿ ವ್ಯಾಸ ಉಳಿಯುತ್ತದೆ, ಹೆಸರು ಹೋಗುತ್ತದೆ. ವ್ಯವಸ್ಥೆಗೆ ತಕ್ಕಂತೆ ಕೊಟ್ಟಿದ್ದ ಬಣ್ಣವೂ ಹೋಗುತ್ತದೆ. ತಂತ್ರಾಂಶದ ದೃಷ್ಟಿಯಲ್ಲಿ ಇದು ಸರಿಯೇ, ಏಕೆಂದರೆ ಹೊಸ ವಿನ್ಯಾಸದ ಲೆಕ್ಕಾಚಾರದಲ್ಲಿ ಇಲ್ಲದ ಪೈಪು ಹಬೆ ಒಯ್ಯುವುದಿಲ್ಲ. ಆದರೆ ಏಣಿ ಹತ್ತಿ ನಿಂತ ಕೆಲಸಗಾರನಿಗೆ ಬೇಕಾದುದು ಅದೇ ಹೆಸರು!

ಇದಕ್ಕೆ ಪರಿಹಾರ ಸರಳವಾಗಿದೆ. ವ್ಯವಸ್ಥೆಯನ್ನು ಅವಲಂಬಿಸದ ಒಂದು ಸ್ವತಂತ್ರ ಅಂಕಣವನ್ನು, ಅಂದರೆ ಅವರ ಭಾಷೆಯ ‘ಶೇರ್ಡ್ ಪ್ಯಾರಾಮೀಟರ್’ ಅನ್ನು, ಪೈಪುಗಳಿಗೆ ಸೇರಿಸಿ, ಕೆಡವುವ ಗುರುತು ಹಾಕುವ ಮೊದಲೇ ಒಳಗೆ ಹರಿಯುವ ವಸ್ತುವಿನ ಹೆಸರನ್ನು ಅದರಲ್ಲಿ ಬರೆದಿಡಬೇಕು. ಲೇಬಲು ಆ ಅಂಕಣವನ್ನೇ ಓದುವಂತೆ ಮಾಡಬೇಕು. ಸಲಹೆಗಾರರಿಗೆ ಇದು ಹೆಚ್ಚಿನ ಶ್ರಮವಲ್ಲ; ಆದರೆ ಮಾಲೀಕರು ಕೇಳದಿದ್ದರೆ ಬಹುಮಟ್ಟಿಗೆ ಯಾರೂ ಮಾಡುವುದಿಲ್ಲ. ಲೇಬಲು ಬರಲಿಲ್ಲವೆಂದು ಹಾಳೆಯ ಮೇಲೆ ಕೈಯಿಂದ ಬಿಡಿ ಪಠ್ಯ ಟೈಪು ಮಾಡುವ ಅಭ್ಯಾಸವೂ ಉಂಟು. ಪೈಪು ಸರಿದರೂ ಆ ಪಠ್ಯ ಸರಿಯದು, ಪಟ್ಟಿಯಲ್ಲಿಯೂ ಸೇರದು.

ಕತ್ತರಿಸುವ ಬಿಂದು

ಒಂದೇ ನೇರದ ಇಪ್ಪತ್ತು ಅಡಿ ಪೈಪಿನಲ್ಲಿ ಹನ್ನೆರಡು ಅಡಿ ಮಾತ್ರ ತೆಗೆಯುವುದಿದ್ದರೆ, ಕಂಪ್ಯೂಟರಿನಲ್ಲಿಯೂ ಅದನ್ನು ಅಲ್ಲಿಯೇ ತುಂಡರಿಸಬೇಕು. ಇಲ್ಲವಾದರೆ ಇಡೀ ಪೈಪು ಕೆಡವುವ ಪಟ್ಟಿಗೆ ಸೇರಿಬಿಡುತ್ತದೆ. ತುಂಡರಿಸಿದ ಕಡೆ ಉಳಿಯುವ ತುದಿಗೆ ಮುಚ್ಚಳವನ್ನು ಹೊಸ ಹಂತದ ವಸ್ತುವಾಗಿ ತೋರಿಸಬೇಕು, ಅದಕ್ಕೆ ಮೊದಲು ಮುಚ್ಚಬೇಕಾದ ವಾಲ್ವಿನ ಸಂಖ್ಯೆಯೂ ಲೇಬಲಿನಲ್ಲಿರಬೇಕು. ಕಟ್ಟಡ ಕೆಡವುವಿಕೆಯ ಸುರಕ್ಷತೆ ಕುರಿತ ಐ.ಎಸ್. 4130 ಮಾನಕವು ಸೇವಾ ಸಂಪರ್ಕಗಳನ್ನು ಮೊದಲು ಕಡಿತಗೊಳಿಸಬೇಕೆಂದು ಹೇಳುವುದು ಇದೇ ಕಾರಣಕ್ಕೆ.

ಹಬೆ ಪೈಪಿನ ವಿಷಯದಲ್ಲಿ ಕಾನೂನೂ ಇದೆ. 1923ರ ಬಾಯ್ಲರ್ ಕಾಯ್ದೆಯ 13ನೇ ಕಲಮಿನಂತೆ, ಬಾಯ್ಲರಿಗೆ ಜೋಡಿಸಿದ ಹಬೆ ಪೈಪಿನಲ್ಲಿ ರಚನಾತ್ಮಕ ಬದಲಾವಣೆ ಮಾಡುವ ಮುನ್ನ ಮಾಲೀಕರು ಮುಖ್ಯ ನಿರೀಕ್ಷಕರಿಗೆ ಲಿಖಿತ ವರದಿ ಸಲ್ಲಿಸಬೇಕಾಗಿತ್ತು. ಅದರ ಸ್ಥಾನದಲ್ಲಿ ಈಗ 2025ರ ಅಧಿನಿಯಮ ಬಂದಿದೆ. ಹಳೆಯ ಕಾಯ್ದೆಯ ವ್ಯಾಖ್ಯೆಯಲ್ಲಿ ಮುಖ್ಯ ಅಳತೆಗೋಲು ಚದರ ಸೆಂಟಿಮೀಟರಿಗೆ 3.5 ಕೆ.ಜಿ. ಮೀರಿದ ಒತ್ತಡ, ಸಣ್ಣ ಘಟಕಗಳ ಕಡಿಮೆ ಒತ್ತಡದ ಪೈಪುಗಳು ಇದರೊಳಗೆ ಬರದೆಯೂ ಇರಬಹುದು. ಕೆಲಸ ಆರಂಭಿಸುವ ಮೊದಲೇ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಯಲ್ಲಿ ವಿಚಾರಿಸುವುದು ಒಳಿತು. ಹೆಸರಿರುವ ನಕ್ಷೆ ಕೈಯಲ್ಲಿದ್ದರೆ ಆ ವಿಚಾರಣೆಯೂ ಸುಲಭ.

ಗುಜರಿ ಮತ್ತು ಹೊದಿಕೆ

ಕೆಡವುವ ಪೈಪುಗಳನ್ನು ಮಾತ್ರ ಆರಿಸಿ ಪಟ್ಟಿ ತೆಗೆದರೆ ಅದೇ ಗುಜರಿಯ ತೂಕದ ಲೆಕ್ಕವೂ ಆಗುತ್ತದೆ. 50 ಮಿ.ಮೀ. ಪೈಪಿನ ಹೊರವ್ಯಾಸ ‘ಬಿ’ ದರ್ಜೆಯಲ್ಲಿಯೂ ‘ಸಿ’ ದರ್ಜೆಯಲ್ಲಿಯೂ 60.3 ಮಿ.ಮೀ. ಆಸುಪಾಸಿನದೇ. ಆದರೆ ದಪ್ಪ ಕ್ರಮವಾಗಿ 3.6 ಮತ್ತು 4.5 ಮಿ.ಮೀ. ಇರುವುದರಿಂದ ತೂಕ ಮೀಟರಿಗೆ ಸುಮಾರು 5 ಮತ್ತು 6.2 ಕೆ.ಜಿ. ಆಗುತ್ತದೆ. ನೂರು ಮೀಟರಿಗೆ 115 ಕೆ.ಜಿ.ಗೂ ಮೀರಿದ ಅಂತರ! ತುಕ್ಕು ತಿಂದಷ್ಟು ತೂಕ ಕಳೆಯಬೇಕೆಂಬುದು ನಿಜ. ಆದರೂ ದರ್ಜೆಯನ್ನು ಲೇಬಲಿನಲ್ಲಿ ಬರೆಸಿದವರು ‘ಒಟ್ಟಾರೆ ಇಷ್ಟು’ ಎನ್ನುವ ಗುಜರಿ ವ್ಯಾಪಾರಿಯ ಮಾತಿಗೆ ಒಮ್ಮೆಲೇ ತಲೆದೂಗಬೇಕಾಗಿಲ್ಲ.

ಹಳೆಯ ಹಬೆ ಪೈಪಿನ ಹೊದಿಕೆಯಲ್ಲಿ ಕಲ್ನಾರು ಇರುವ ಸಾಧ್ಯತೆಯಿದೆ. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ರೆವಿಟ್‌ನಲ್ಲಿ ಹೊದಿಕೆಯು ಪೈಪಿಗೆ ಅಂಟಿಕೊಂಡ ಬೇರೆಯೇ ವಸ್ತುವಾದುದರಿಂದ ಪೈಪಿನ ಲೇಬಲಿನಲ್ಲಿ ಅದರ ಸುದ್ದಿ ತಾನಾಗಿ ಬರಲೇಬೇಕೆಂದಿಲ್ಲ. ಸಂಶಯವಿದ್ದಲ್ಲಿ ‘ಹೊದಿಕೆ ಪರೀಕ್ಷಿಸದೆ ಮುಟ್ಟಬೇಡಿ’ ಎಂದು ಪ್ರತ್ಯೇಕವಾಗಿ ಬರೆಸಬೇಕು.

ಹತ್ತು ಬೇಸಿನ್ನಿನ ಪುಟ್ಟ ಘಟಕಕ್ಕೆ ರೆವಿಟ್ ಬೇಕೇ ಎಂದು ಕೇಳಬಹುದು. ಬೇಕಾಗಿಲ್ಲ. ಚೌಕುಳಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆದ ನಕ್ಷೆಯೂ ಸಾಕು. ಆದರೆ ನಕ್ಷೆ ಯಾವುದೇ ಆಗಲಿ, ಅದರಲ್ಲಿನ ಸಂಖ್ಯೆಯನ್ನು ಪೈಪಿನ ಮೇಲೆಯೂ ಬಣ್ಣದಿಂದ ಬರೆಯಬೇಕು. ಪೈಪುಗಳ ಬಣ್ಣ ಕುರಿತ ಐ.ಎಸ್. 2379 ಮಾನಕದಂತೆ ನೀರಿಗೆ ಸಮುದ್ರ ಹಸಿರು, ಹಬೆಗೆ ಬೆಳ್ಳಿ ಬೂದು, ಗಾಳಿಗೆ ಆಕಾಶ ನೀಲಿ. ಈ ಬಣ್ಣಗಳು ಮೊದಲೇ ಇರುವ ಘಟಕದಲ್ಲಿ ಸಂಖ್ಯೆ ಬರೆಯುವುದು ಒಂದು ಮಧ್ಯಾಹ್ನದ ಕೆಲಸ. ಇಲ್ಲದ ಕಡೆ, ಬಾಯ್ಲರಿನಿಂದ ಹೊರಟು ಪ್ರತಿ ಪೈಪಿನ ಜೊತೆಗೇ ನಡೆದು, ಅದು ಎಲ್ಲಿಗೆ ಹೋಗುತ್ತದೆಂದು ನೋಡಿ ಬರೆಯಬೇಕಾಗುತ್ತದೆ. ಆ ನಡಿಗೆಗೆ ಹಳೆಯ ಫಿಟ್ಟರನನ್ನು ಜೊತೆಗೆ ಕರೆದುಕೊಂಡು ಹೋಗಿರಿ.