ಮಿದುಳಿಗೆ ಹಿಡಿದ ಕನ್ನಡಿ

ಮುಖದ ಮೇಲಣ ಮಸಿಯನ್ನು ಕನ್ನಡಿ ತೋರಿಸಿದರೆ ನಾವೇ ಒರೆಸಿಕೊಳ್ಳುತ್ತೇವೆ. ತಲೆಬುರುಡೆಯೊಳಗಿನ ವ್ಯಾಪಾರವನ್ನೂ ಹೀಗೆಯೇ ಕಂಡು ತಿದ್ದಿಕೊಳ್ಳಬಹುದೆ? ಈ ಪ್ರಶ್ನೆಯಿಂದ ಹುಟ್ಟಿದ್ದೇ 'ನ್ಯೂರೋಫೀಡ್‌ಬ್ಯಾಕ್' ತರಬೇತಿ.

ದೇಹದ ತೂಕದಲ್ಲಿ ಮಿದುಳಿನ ಪಾಲು ನೂರಕ್ಕೆ ಸುಮಾರು 2. ಆದರೆ ನಾವು ಬಳಸುವ ಆಮ್ಲಜನಕದಲ್ಲಿ ಸುಮಾರು 20 ಪಾಲು ಅದಕ್ಕೇ ಬೇಕು. ಮಿದುಳಿನ ಯಾವ ಭಾಗ ಹೆಚ್ಚು ದುಡಿಯುವುದೋ ಆ ಭಾಗಕ್ಕೆ ಆಮ್ಲಜನಕಭರಿತ ರಕ್ತ ಹೆಚ್ಚಾಗಿ ಹರಿಯುತ್ತದೆ. ಆಮ್ಲಜನಕವುಳ್ಳ ರಕ್ತಕ್ಕೂ ಅದನ್ನು ಕಳೆದುಕೊಂಡ ರಕ್ತಕ್ಕೂ ಕಾಂತಗುಣದಲ್ಲಿ ವ್ಯತ್ಯಾಸವುಂಟು. ಎಂ.ಆರ್.ಐ. ಯಂತ್ರವು ಈ ವ್ಯತ್ಯಾಸವನ್ನು ಗುರುತಿಸಬಲ್ಲದೆಂದು 1990ರಲ್ಲಿ ಜಪಾನ್ ಮೂಲದ ವಿಜ್ಞಾನಿ ಸೇಜಿ ಒಗಾವಾ ಮತ್ತು ಸಂಗಡಿಗರು ಅಮೆರಿಕದಲ್ಲಿ ತೋರಿಸಿದರು.

ತರಬೇತಿಯಲ್ಲಿ ವ್ಯಕ್ತಿ ಯಂತ್ರದೊಳಗೆ ಅಲುಗಾಡದೆ ಮಲಗುತ್ತಾನೆ. ಮಿದುಳಿನ ಒಂದು ಭಾಗದ ಚಟುವಟಿಕೆ ಎದುರಿನ ಪರದೆಯಲ್ಲಿ ಜ್ವಾಲೆಯಂತೆ ಏರಿಳಿಯುತ್ತದೆ. ಗಮನ, ನೆನಪು, ಭಾವನೆಗಳನ್ನು ಬದಲಿಸುತ್ತ ಜ್ವಾಲೆಯನ್ನು ಏರಿಸಲು, ಇಳಿಸಲು ಆತ ಕಲಿಯುತ್ತಾನೆ. ರಕ್ತಹರಿವಿನ ಬದಲಾವಣೆ ಕೆಲವು ಸೆಕೆಂಡು ತಡವಾಗಿ ಕಾಣುವುದರಿಂದ ಇದಕ್ಕೆ ತಾಳ್ಮೆ ಅಗತ್ಯ.

2005ರಲ್ಲಿ ಅಮೆರಿಕದ ಸಂಶೋಧಕರು ನೋವಿನ ಅನುಭವಕ್ಕೆ ಸಂಬಂಧಿಸಿದ ಭಾಗವನ್ನು ಆರಿಸಿಕೊಂಡು ಪ್ರಯೋಗ ನಡೆಸಿದರು. ಅದರ ಮೇಲೆ ಹಿಡಿತ ಸಾಧಿಸಿದವರಿಗೆ ನೋವಿನ ತೀವ್ರತೆಯೂ ಬದಲಾಯಿತು. ಬಹುಕಾಲದ ನೋವಿನಿಂದ ಬಳಲುತ್ತಿದ್ದವರೂ ಉಪಶಮನ ಕಂಡರು. ಬೇರೊಬ್ಬರ ಮಿದುಳಿನ ಸಂಕೇತವನ್ನು ನೋಡಿ ಅಭ್ಯಾಸ ಮಾಡಿದವರಿಗೆ ಆ ಫಲ ದೊರೆಯಲಿಲ್ಲ. ಇದು ಆಶಾದಾಯಕ, ಆದರೆ ಪಾಲ್ಗೊಂಡವರು ಕೆಲವೇ ಮಂದಿ.

ನಾಣ್ಯದ ಇನ್ನೊಂದು ಮುಖವನ್ನೂ ನಾವು ನೋಡಬೇಕು. ತಲೆಗೆ ತಂತಿ ಅಂಟಿಸಿ ವಿದ್ಯುತ್ ಅಲೆಗಳನ್ನು ಅಳೆಯುವ ಅಗ್ಗದ ವಿಧಾನವೂ ಉಂಟು. ನಿದ್ರಾಹೀನರ ಮೇಲೆ ಆಸ್ಟ್ರಿಯಾದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ವಿಧಾನದ ನಿಜತರಬೇತಿ ಪಡೆದವರೂ ಹುಸಿತರಬೇತಿ ಪಡೆದವರೂ ತಮಗೆ ಗುಣವಾಯಿತೆಂದೇ ಹೇಳಿದರು! ಅಂದರೆ ಅಲ್ಲಿ ಕೆಲಸ ಮಾಡಿದ್ದು ಯಂತ್ರಕ್ಕಿಂತ ನಂಬಿಕೆ, ನಿರೀಕ್ಷೆ, ಆರೈಕೆ.

ಆದುದರಿಂದ 'ಮಗುವಿನ ಜ್ಞಾಪಕಶಕ್ತಿ ಇಮ್ಮಡಿಯಾಗುವುದು' ಎಂಬ ಭರವಸೆಗೆ ಮರುಳಾಗಿ ಬೆವರು ಸುರಿಸಿ ಗಳಿಸಿದ ಹಣವನ್ನು ಕಳೆಯುವ ಮೊದಲು ಸದ್ಭಕ್ತರು ಮೂರು ಪ್ರಶ್ನೆಗಳನ್ನು ಕೇಳಬೇಕು: ಈ ತೊಂದರೆಗೆ ತಕ್ಕ ಪುರಾವೆ ಇದೆಯೆ? ಹುಸಿತರಬೇತಿಗಿಂತ ಮೇಲೆಂದು ಸಾಬೀತಾಗಿದೆಯೆ? ತರಬೇತಿ ಮುಗಿದ ಮೇಲೂ ಫಲ ಉಳಿಯುವುದೆ? ಇದನ್ನು ನೆಚ್ಚಿ ಮೂರ್ಛೆರೋಗದ, ಖಿನ್ನತೆಯ ಔಷಧಿಗಳನ್ನು ವೈದ್ಯರ ಮಾತಿಲ್ಲದೆ ಎಂದಿಗೂ ನಿಲ್ಲಿಸಬಾರದು. ಪೇಸ್‌ಮೇಕರ್ ಅಥವಾ ದೇಹದೊಳಗೆ ಲೋಹದ ಸಾಧನವುಳ್ಳವರು ಎಂ.ಆರ್.ಐ. ಕೋಣೆ ಪ್ರವೇಶಿಸುವ ಮುನ್ನ ತಪ್ಪದೆ ತಿಳಿಸಬೇಕು.

ಸಾಕಷ್ಟು ನಿದ್ರೆ, ದಿನನಿತ್ಯದ ನಡಿಗೆ, ರಕ್ತದೊತ್ತಡ ಹಾಗೂ ಮಧುಮೇಹಗಳ ಹತೋಟಿ, ದುಶ್ಚಟಗಳ ತ್ಯಾಗ: ಮಿದುಳನ್ನು ಕಾಯುವ ಈ ಮಾರ್ಗಗಳು ಎಲ್ಲರಿಗೂ ನಿಲುಕುವಂಥವು. ಹೊಸ ಕನ್ನಡಿ ಇನ್ನೂ ಪ್ರಯೋಗಶಾಲೆಯಲ್ಲಿ ಹದಗೊಳ್ಳುತ್ತಿದೆ. ಅಲ್ಲಿಯವರೆಗೆ ಕೈಯಲ್ಲಿರುವ ಮಾರ್ಗವನ್ನು ಬಿಡದಿರೋಣ.