ಲಿನಕ್ಸ್ ಸರ್ವರ್‌ಗೆ ಜಾಲ ಸಂಗ್ರಹಣೆಯ ಸಂಪರ್ಕ ತಪ್ಪಿದಾಗ ಪರಿಶೀಲಿಸಬೇಕಾದ ಅಂಶಗಳು

ಪಂಚತಂತ್ರ ಹಾಗೂ ಇ-ಸ್ವತ್ತು ತಂತ್ರಾಂಶಗಳ ದತ್ತಾಂಶವು ರಾಜ್ಯ ಮಟ್ಟದ ಸರ್ವರ್‌ಗಳಲ್ಲಿರುತ್ತದೆ. ಆದರೆ ನಮೂನೆ 9 ಮತ್ತು 11ಕ್ಕೆ ಪೂರಕವಾದ ಹಳೆಯ ದಾಖಲೆಗಳು, ಸಭಾ ನಡವಳಿಗಳು ಇವುಗಳನ್ನು ಸ್ಕ್ಯಾನ್ ಮಾಡಿ ಕಚೇರಿಯಲ್ಲಿಯೇ ಇರಿಸಿಕೊಂಡಿದ್ದರೆ, ಅವುಗಳ ರಕ್ಷಣೆ ಕಚೇರಿಯ ಹೊಣೆಯಾಗುತ್ತದೆ. ಗೊಬ್ಬೂರಿನಂತಹ ಗ್ರಾಮದ ಕಚೇರಿಯಲ್ಲಿ ಲಿನಕ್ಸ್ ಸರ್ವರ್‌ನಿಂದ ಎನ್‌ಎಫ್‌ಎಸ್ ಮೂಲಕ ಪ್ರತ್ಯೇಕ ಸಂಗ್ರಹಣಾ ಪೆಟ್ಟಿಗೆಗೆ ಬ್ಯಾಕಪ್ ಹೋಗುತ್ತಿದ್ದಲ್ಲಿ, ವಿದ್ಯುತ್ ಹೋಗಿ ಬಂದಾಗಲೆಲ್ಲ ಸಂಪರ್ಕವನ್ನು ಪರಿಶೀಲಿಸತಕ್ಕದ್ದು.

ಕಾರಣವಿಷ್ಟೆ. ವಿದ್ಯುತ್ ಮರಳಿದಾಗ ಸಂಗ್ರಹಣಾ ಪೆಟ್ಟಿಗೆಗಿಂತ ಮೊದಲೇ ಸರ್ವರ್ ಚಾಲನೆಗೊಂಡರೆ ಮೌಂಟ್ ವಿಫಲವಾಗುತ್ತದೆ. ಮೌಂಟ್ ಆಗಬೇಕಿದ್ದ ಫೋಲ್ಡರ್ ಮಾತ್ರ ಖಾಲಿಯಾಗಿ ಸರ್ವರ್‌ನಲ್ಲಿ ಉಳಿದಿರುತ್ತದೆ. ರಾತ್ರಿಯ ಬ್ಯಾಕಪ್ ಅದರೊಳಗೇ ಬರೆಯಲ್ಪಟ್ಟು ‘ಯಶಸ್ವಿ’ ಎಂದು ವರದಿಯಾಗುತ್ತದೆ. ಮೂಲವೂ ಪ್ರತಿಯೂ ಒಂದೇ ಡಿಸ್ಕಿನಲ್ಲಿರುವುದರಿಂದ ಆ ಡಿಸ್ಕ್ ಕೆಟ್ಟರೆ ಎರಡೂ ನಷ್ಟವಾಗುತ್ತವೆ. ಪರದೆಯ ಮೇಲೆ ಕಾಣುವ ದೋಷಕ್ಕಿಂತ ಕಾಣದ ಈ ದೋಷವೇ ಹೆಚ್ಚು ಅಪಾಯಕಾರಿ. ಆ ಫೋಲ್ಡರ್ ಮೇಲೆ ‘ಡಿಎಫ್’ ಆಜ್ಞೆ ನೀಡಿದಾಗ ಪೆಟ್ಟಿಗೆಯ ವಿಳಾಸದ ಬದಲು ಸರ್ವರ್‌ನ ಡಿಸ್ಕ್ ಕಂಡುಬಂದರೆ ಮೌಂಟ್ ಆಗಿಲ್ಲವೆಂದೇ ಅರ್ಥ.

ಕೈಯಿಂದ ಮೌಂಟ್ ಮಾಡಿದಾಗ ಬರುವ ಸಂದೇಶವನ್ನು ಗಮನವಿಟ್ಟು ಓದುವುದು. ‘ಕನೆಕ್ಷನ್ ಟೈಮ್ಡ್ ಔಟ್’ ಎಂದರೆ ಉತ್ತರವೇ ಬಂದಿಲ್ಲ. ಕೇಬಲ್, ಸ್ವಿಚ್, ಬದಲಾದ ಐಪಿ ವಿಳಾಸ, 2049ನೇ ಪೋರ್ಟ್ ತಡೆಯುವ ಫೈರ್‌ವಾಲ್ ಇವುಗಳನ್ನು ನೋಡಬೇಕು. ‘ಕನೆಕ್ಷನ್ ರೆಫ್ಯೂಸ್ಡ್’ ಬಂದರೆ ಪೆಟ್ಟಿಗೆ ಜಾಲದಲ್ಲಿದ್ದರೂ ಸಾಮಾನ್ಯವಾಗಿ ಎನ್‌ಎಫ್‌ಎಸ್ ಸೇವೆ ಆರಂಭವಾಗಿರುವುದಿಲ್ಲ. ಕೆಲ ನಿಮಿಷ ಕಾದು ಮತ್ತೆ ಯತ್ನಿಸಬಹುದು. ‘ಆಕ್ಸೆಸ್ ಡಿನೈಡ್’ ಬಂದಲ್ಲಿ ಪೆಟ್ಟಿಗೆಯ ಅನುಮತಿ ಪಟ್ಟಿಯಲ್ಲಿ ಸರ್ವರ್‌ನ ಐಪಿ ವಿಳಾಸ ಇದೆಯೇ ಎಂದು ನೋಡುವುದು. ‘ಸ್ಟೇಲ್ ಫೈಲ್ ಹ್ಯಾಂಡಲ್’ಗೆ ಮೌಂಟ್ ತೆಗೆದು ಮತ್ತೆ ಜೋಡಿಸಿದರೆ ಬಹುಮಟ್ಟಿಗೆ ಸಾಕು.

ಸಂಪರ್ಕ ತಪ್ಪಿದಾಗ ಕಾಯುತ್ತ ನಿಲ್ಲುವ ‘ಹಾರ್ಡ್’ ಮೌಂಟ್ ಬೇಸರ ತರಿಸಬಹುದು. ಆದರೂ ದಾಖಲೆಗಳಿಗೆ ಅದೇ ಯುಕ್ತ. ‘ಸಾಫ್ಟ್’ ಮೌಂಟ್‌ನಲ್ಲಿ ಬರವಣಿಗೆ ಅರ್ಧಕ್ಕೇ ನಿಂತು ಕಡತ ಕೆಡುವ ಸಂಭವವಿದೆ. ಪೆಟ್ಟಿಗೆಯೊಳಗೆ ಒಂದು ಗುರುತಿನ ಕಡತವನ್ನಿರಿಸಿ, ಅದು ಕಂಡರೆ ಮಾತ್ರ ಬ್ಯಾಕಪ್ ಆರಂಭವಾಗುವಂತೆ ಸ್ಕ್ರಿಪ್ಟ್‌ನಲ್ಲಿ ಒಂದು ಸಾಲು ಸೇರಿಸುವುದು ಸರಳ ಪರಿಹಾರ.

ಹಿಂದೆ ಸ್ಥಳ ತಪ್ಪಿ ಬರೆಯಲ್ಪಟ್ಟ ಪ್ರತಿಗಳು ಮೌಂಟ್ ಆದೊಡನೆ ಮರೆಯಾಗುತ್ತವೆ, ಅಳಿದುಹೋಗಿರುವುದಿಲ್ಲ. ಮೌಂಟ್ ತೆಗೆದು, ಅವುಗಳನ್ನು ಬೇರೊಂದು ಫೋಲ್ಡರ್‌ಗೆ ಸರಿಸಿ, ಮರುಜೋಡಣೆಯ ಬಳಿಕ ಪೆಟ್ಟಿಗೆಗೆ ನಕಲಿಸಿ, ತಾಳೆ ನೋಡಿದ ಮೇಲೆಯೇ ಅಳಿಸುವುದು.