ತೇರಿಗೆ ಹೊರಟ ನಾಲ್ಕು ಬಟ್ಟೆ

ನಾನು ಮೊಳಕಾಲ್ಮೂರಿನ ಮಗಳು, ಚಳ್ಳಕೆರೆಯ ಸೊಸೆ. ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಮ್ಮನಾಗಿದ್ದು ನಿವೃತ್ತಳಾದವಳು. ನಮ್ಮ ಮನೆಯಲ್ಲಿ ಪ್ರತಿ ವರ್ಷ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರಿಗೆ ಹೋಗುವುದು ತಪ್ಪುವುದಿಲ್ಲ. ಹೊರಡುವ ಮುಂಚೆ ಒಂದು ಜಗಳವೂ ತಪ್ಪುವುದಿಲ್ಲ. ಈ ಸಲದ ಜಗಳ ಬಟ್ಟೆಯದು.

ಏಳನೇ ತರಗತಿಯ ಮೊಮ್ಮಗ ಹೊಳೆಯುವ ಕಪ್ಪು ಟ್ರ್ಯಾಕ್ ಪ್ಯಾಂಟಿನಲ್ಲಿ ಬಂದು ನಿಂತ. ಅವನು ಶಾಲೆಗೆ, ಪೇಟೆಗೆ, ಮದುವೆಗೆ, ಮಲಗುವುದಕ್ಕೆ ಎಲ್ಲಕ್ಕೂ ಅದೇ. "ಆಟದ ಬಟ್ಟೆ ತೇರಿಗೇನೋ?" ಅಂದೆ. "ಅಜ್ಜಿ, ತೇರು ಎಳೆಯೋದೂ ಆಟಾನೇ ಅಲ್ವಾ?" ಅಂದ. ಅವನ ಹಿಂದೆಯೇ ಒಂಬತ್ತನೇ ತರಗತಿಯ ಮೊಮ್ಮಗಳು ಬಂದಳು. ನೀಲಿ ಜೀನ್ಸ್, ಮೇಲೊಂದು ಕುರ್ತಾ. ಅವಳಿಗೆ ಮಾತ್ರ ನಾನು ಬೇರೆ ಮಾತು ಆಡಿದೆ. "ಹೆಣ್ಣುಹುಡುಗಿ ಜೀನ್ಸ್ ಹಾಕಿಕೊಂಡು ತೇರಿಗೆ ಬಂದರೆ ಜನ ಏನಂತಾರೆ?" ಅವಳು ಏನೂ ಹೇಳಲಿಲ್ಲ. ಮುಖ ಸಣ್ಣದು ಮಾಡಿಕೊಂಡು ಹೋಗಿ ಆಟೋದ ಮೂಲೆಯಲ್ಲಿ ಕೂತಳು.

ನಾನು ಉಟ್ಟಿದ್ದು ತವರಿನ ಮೊಳಕಾಲ್ಮೂರು ರೇಷ್ಮೆ ಸೀರೆ. ನಮ್ಮ ಯಜಮಾನರು ಬಿಳಿ ಪಂಚೆ ಉಟ್ಟು, ಫಾಲ್ಗುಣದ ಆ ಬಿಸಿಲಿನಲ್ಲೂ ಹೆಗಲ ಮೇಲೆ ಕರಿ ಕಂಬಳಿ ಹಾಕಿಕೊಂಡಿದ್ದರು. ಒಂದೇ ಆಟೋದಲ್ಲಿ ನಾಲ್ಕು ನೂಲು: ರೇಷ್ಮೆ, ಉಣ್ಣೆ, ಹತ್ತಿ, ಪಾಲಿಯೆಸ್ಟರ್. ಸಂಜೆ ಮನೆಗೆ ಬರುವಷ್ಟರಲ್ಲಿ ಈ ನಾಲ್ಕರ ಗುಣವೂ ನಮಗೆ ಗೊತ್ತಾಗಿತ್ತು. ಪಾಠ ಸ್ವಲ್ಪ ಖಾರವಾಗಿಯೇ ಆಯಿತು.

ಕೂಲಿಯವರ ಪ್ಯಾಂಟು

ಜೀನ್ಸ್ ಅಂದರೆ ಶೋಕಿಯ ಬಟ್ಟೆ ಅಂತಲೇ ನಾನು ಬಹಳ ಕಾಲ ನಂಬಿದ್ದೆ. ಅದು ಹುಟ್ಟಿದ್ದು ಶೋಕಿಗಲ್ಲ. ಅಮೆರಿಕದ ನೆವಾಡಾ ಸೀಮೆಯ ರೀನೋ ಊರಿನಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿ ಇದ್ದ. ದುಡಿಯುವವರ ಪ್ಯಾಂಟಿನ ಜೇಬುಗಳು ಪದೇ ಪದೇ ಕಿತ್ತು ಬರುವುದನ್ನು ನೋಡಿ, ಜೇಬಿನ ಮೂಲೆಗಳಿಗೆ ತಾಮ್ರದ ಪುಟ್ಟ ಮೊಳೆಗಳನ್ನು ಬಡಿದ. ಜೇಬು ಗಟ್ಟಿಯಾಗಿ ನಿಂತಿತು. ಅವನಿಗೆ ಬಟ್ಟೆ ಕೊಡುತ್ತಿದ್ದ ವ್ಯಾಪಾರಿ ಲೆವಿ ಸ್ಟ್ರಾಸ್ ಜೊತೆ ಸೇರಿ 1873ರ ಮೇ 20ರಂದು ಆ ಉಪಾಯಕ್ಕೆ ಪೇಟೆಂಟ್ ಪಡೆದ. ಮೊದಲು ಹಾಕಿಕೊಂಡವರು ಗಣಿಯವರು, ಮರ ಕಡಿಯುವವರು, ದನ ಕಾಯುವವರು. ಮಕ್ಕಳೇ, ನಿಮ್ಮ ಜೀನ್ಸಿನ ಜೇಬಿನ ಮೂಲೆ ಮುಟ್ಟಿ ನೋಡಿ. ಆ ಮೊಳೆ ಇಂದಿಗೂ ಅಲ್ಲೇ ಇದೆ.

ಜೀನ್ಸ್ ಎಂಬ ಹೆಸರು ಇಟಲಿಯ ಜಿನೋವಾ ಬಂದರಿನಿಂದ ಬಂದಿದ್ದು. ಅದರ ಸೋದರ ಬಟ್ಟೆ 'ಡಂಗರಿ'ಯ ಹೆಸರು ನಮ್ಮದೇ ಮುಂಬಯಿಯ ಡೋಂಗ್ರಿಯದು. ಅಲ್ಲಿ ಸಿಗುತ್ತಿದ್ದ ಒರಟು ಹತ್ತಿ ಬಟ್ಟೆ ಹಡಗು ಹತ್ತಿ ಹೋಗಿ ಕೂಲಿಕಾರರ ಉಡುಪಾಯಿತು.

ಜೀನ್ಸನ್ನು ಒಳಗುಮಾಡಿ ನೋಡಿದರೆ ಇನ್ನೊಂದು ಗುಟ್ಟು ಕಾಣುತ್ತದೆ. ಹೊರಗೆ ನೀಲಿ, ಒಳಗೆ ಬಿಳಿಚು. ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ಹಾಸುನೂಲಿಗೆ ಮಾತ್ರ ನೀಲಿ ಬಣ್ಣ. ಅಡ್ಡ ಹೋಗುವ ಹೊಕ್ಕುನೂಲು ಬಿಳಿ. ಆ ನೀಲಿಯೂ ನೂಲಿನ ಹೊಟ್ಟೆಯೊಳಗೆ ಇಳಿಯುವುದಿಲ್ಲ, ಸಿಪ್ಪೆಯ ಹಾಗೆ ಮೇಲೆ ಕೂತಿರುತ್ತದೆ. ತಿಕ್ಕಿದಲ್ಲೆಲ್ಲ ಸಿಪ್ಪೆ ಸುಲಿದು ಒಳಗಿನ ಬಿಳಿ ಕಾಣುತ್ತದೆ. ಮೊಣಕಾಲ ಬಳಿ ಜೀನ್ಸ್ ಮಾಸುವುದು ಅದಕ್ಕೇ. ಮೊದಲು ಈ ನೀಲಿ ಗಿಡದಿಂದ ಬರುತ್ತಿತ್ತು. 1897ರಲ್ಲಿ ಜರ್ಮನಿಯ ಕಾರ್ಖಾನೆಯ ನೀಲಿ ಮಾರುಕಟ್ಟೆಗೆ ಬಂದ ಮೇಲೆ ನಮ್ಮ ದೇಶದ ನೀಲಿ ಬೆಳೆ ಮೂಲೆ ಸೇರಿತು.

ಮೊಳಕಾಲ್ಮೂರಿನಿಂದ ಗಡಿ ದಾಟಿದರೆ ಬಳ್ಳಾರಿ ದೂರವಿಲ್ಲ. ಜೀನ್ಸ್ ಹೊಲಿಗೆಗೆ ಆ ಊರು ದೊಡ್ಡ ಹೆಸರು. ಒಬ್ಬರು ಕತ್ತರಿಸಿದರೆ ಇನ್ನೊಬ್ಬರು ಕಾಲು ಹೊಲಿಯುತ್ತಾರೆ, ಮತ್ತೊಬ್ಬರು ಜೇಬು ಇಡುತ್ತಾರೆ, ಮಗದೊಬ್ಬರು ದಾರ ಕತ್ತರಿಸಿ ಗುಂಡಿ ಹಾಕುತ್ತಾರೆ. ಅಂಗಡಿಯಲ್ಲಿ ಒಂದು ಜೀನ್ಸ್ ಎತ್ತಿಕೊಂಡಾಗ ಅಷ್ಟು ಮನೆಯ ಅನ್ನ ನಮ್ಮ ಕೈಯಲ್ಲಿರುತ್ತದೆ. ಹತ್ತಿ ಬೆಳೆಯುವುದರಿಂದ ಹಿಡಿದು ಬಣ್ಣ ತೊಳೆಯುವವರೆಗೆ ಅದರಲ್ಲಿ ಸಾವಿರಾರು ಲೀಟರ್ ನೀರೂ ಇರುತ್ತದೆ. ಮಳೆ ಕಾಣದ ನಮ್ಮ ತಾಲ್ಲೂಕುಗಳವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಎಣ್ಣೆಬಾವಿಯಿಂದ ಬಂದ ನೂಲು

ಟ್ರ್ಯಾಕ್ ಪ್ಯಾಂಟಿನ ಕತೆ ಇನ್ನೂ ಹೊಸದು. 1941ರಲ್ಲಿ ಇಂಗ್ಲೆಂಡಿನಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬಿಬ್ಬರು ರಸಾಯನಶಾಸ್ತ್ರಜ್ಞರು ಪಾಲಿಯೆಸ್ಟರ್ ನೂಲನ್ನು ಕಂಡುಹಿಡಿದರು. ಅದರ ಕಚ್ಚಾ ವಸ್ತು ಬರುವುದು ಪೆಟ್ರೋಲಿಯಂನಿಂದ. ನಾವು ಕುಡಿದು ಎಸೆಯುವ ನೀರಿನ ಬಾಟಲಿಯೂ ಅದೇ ವಸ್ತುವಿನದು. 1958ರಲ್ಲಿ ಅಮೆರಿಕದ ಜೋಸೆಫ್ ಶಿವರ್ಸ್ ರಬ್ಬರಿನಂತೆ ಎಳೆದು ಬಿಡಬಹುದಾದ ನೂಲನ್ನು ಮಾಡಿದ. ಇವೆರಡನ್ನೂ ಬೆರೆಸಿ ಹೆಣೆದರೆ ಕೂತರೆ ಕೂರುವ, ಹಾರಿದರೆ ಹಾರುವ ಬಟ್ಟೆ ಸಿದ್ಧ.

ಅದು ಬೇಗ ಒಣಗುವುದೇಕೆ? ಒಣ ನೂಲನ್ನು 100 ಗ್ರಾಂ ತೂಗಿ ಸಾಧಾರಣ ತೇವದ ಗಾಳಿಯಲ್ಲಿ ಇಟ್ಟರೆ ಹತ್ತಿ ಸುಮಾರು 8 ಗ್ರಾಂ ನೀರನ್ನು ಗಾಳಿಯಿಂದಲೇ ಹೀರುತ್ತದೆ. ರೇಷ್ಮೆ ಸುಮಾರು 11 ಗ್ರಾಂ, ಉಣ್ಣೆ 14ರಿಂದ 16 ಗ್ರಾಂ. ಪಾಲಿಯೆಸ್ಟರ್ ಅರ್ಧ ಗ್ರಾಮನ್ನೂ ಹೀರುವುದಿಲ್ಲ. ಬೆವರು ಅದರ ಎಳೆಗಳ ನಡುವೆ ಹರಡಿ ಆರಿಹೋಗುತ್ತದೆ. ಆದರೆ ಮೈಯ ಎಣ್ಣೆ ಜಿಡ್ಡು ಆ ಎಳೆಗಳಿಗೆ ಚೆನ್ನಾಗಿ ಅಂಟುತ್ತದೆ, ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ವಾಸನೆ ಎಬ್ಬಿಸುತ್ತವೆ. ಮೊಮ್ಮಗನ ಪ್ಯಾಂಟು ಎರಡನೇ ದಿನಕ್ಕೇ ಘಮಘಮಿಸುವುದರ ಗುಟ್ಟು ಇದು.

ನಾವು ಮನೆಯಲ್ಲೇ ಪರೀಕ್ಷೆ ಮಾಡಿದ್ದೆವು. ಎರಡನ್ನೂ ಒಗೆದು ಹಿಂಡಿ ಒಂದೇ ಹಗ್ಗಕ್ಕೆ ಹಾಕಿದೆವು. ತಿಂಡಿ ತಿಂದು ಏಳುವಷ್ಟರಲ್ಲಿ ಟ್ರ್ಯಾಕ್ ಪ್ಯಾಂಟ್ ಒಣಗಿತ್ತು. ಜೀನ್ಸಿನ ಸೊಂಟಪಟ್ಟಿ ಮಧ್ಯಾಹ್ನದ ಹೊತ್ತಿಗೂ ತೇವವಾಗಿತ್ತು. "ನೋಡಿದ್ಯಾ ಅಜ್ಜಿ, ಗೆದ್ದೆ!" ಅಂದಿದ್ದ ಮೊಮ್ಮಗ.

ಹಾರಿಬಂದ ಕಿಡಿ

ನಾಯಕನಹಟ್ಟಿಯ ತೇರು ನೋಡಿದವರಿಗೆ ಗೊತ್ತು, ಅಲ್ಲಿ ಒಣ ಕೊಬ್ಬರಿ ಸುಡುವ ಹರಕೆ ಉಂಟು. ಬೆಂಕಿಯ ರಾಶಿಗೆ ಜನ ಕೊಬ್ಬರಿ ಹಾಕುತ್ತಾರೆ, ಎಣ್ಣೆ ಸುರಿದಂತೆ ಜ್ವಾಲೆ ಏಳುತ್ತದೆ. ನಾವೂ ಹರಕೆ ತೀರಿಸಿ ಹಿಂದೆ ಸರಿದು ನಿಂತಿದ್ದೆವು. ಗಾಳಿ ಒಮ್ಮೆ ತಿರುಗಿತು. ನಾಲ್ಕಾರು ಕಿಡಿ ನಮ್ಮ ಕಡೆ ಹಾರಿಬಂದವು.

ಒಂದು ಕಿಡಿ ಯಜಮಾನರ ಕಂಬಳಿಯ ಮೇಲೆ ಬಿತ್ತು. ಕೂದಲು ಸುಟ್ಟ ವಾಸನೆ ಬಂತು, ಅಷ್ಟೇ. ಕೈಯಲ್ಲಿ ಒರೆಸಿಕೊಂಡರು. ಇನ್ನೊಂದು ಮೊಮ್ಮಗಳ ಜೀನ್ಸಿನ ಮೇಲೆ ಬಿದ್ದು ಕಂದು ಚುಕ್ಕೆ ಮಾಡಿತು, ಅವಳು ಕೊಡವಿದಳು. ಮತ್ತೊಂದು ಮೊಮ್ಮಗನ ತೊಡೆಯ ಮೇಲೆ. ಕಣ್ಣು ಮಿಟುಕಿಸುವಷ್ಟರಲ್ಲಿ ಹೊಳೆಯುವ ಬಟ್ಟೆ ಕರಗಿ ತೂತಾಯಿತು. ಕರಗಿದ್ದು ಬಿಸಿ ಅಂಟಿನಂತೆ ಚರ್ಮಕ್ಕೆ ಕಚ್ಚಿಕೊಂಡಿತು. ಹುಡುಗ ಕಿರುಚಿದ.

ನಾನು ಹೆದರಿ ನನ್ನ ಚೀಲ ತಡಕತೊಡಗಿದೆ. ಅದರಲ್ಲಿ ಟೂತ್‌ಪೇಸ್ಟ್ ಇತ್ತು. ನಮ್ಮ ಕಾಲದ ಮದ್ದು ಅದೇ. ಅಷ್ಟರಲ್ಲಿ ಮೊಮ್ಮಗಳು ತಮ್ಮನನ್ನು ಬೆನ್ನಿಗೆ ಹಾಕಿಕೊಂಡು, ಜನರನ್ನು ಸರಿಸಿಕೊಂಡು ನೀರಿನ ನಲ್ಲಿಯತ್ತ ಓಡಿದ್ದಳು. ನಾನು ತಲುಪುವಾಗ ಮಂಡಿಯೂರಿ ಕೂತು ಅವನ ತೊಡೆಯ ಮೇಲೆ ನೀರು ಹರಿಸುತ್ತಿದ್ದಳು. ಒಬ್ಬರು ಅಂಟಿದ ಬಟ್ಟೆ ಕೀಳಲು ಹೋದರು. "ಕೀಳಬೇಡಿ, ಚರ್ಮನೂ ಬರುತ್ತೆ. ಅಜ್ಜಿ, ಪೇಸ್ಟ್ ಹಚ್ಚಬೇಡ. ಇಪ್ಪತ್ತು ನಿಮಿಷ ಬರೀ ನೀರು" ಅಂದಳು. ಶಾಲೆಯಲ್ಲಿ ಕಲಿಸಿದ್ದರಂತೆ. ಆಮೇಲೆ ವೈದ್ಯರು ನೋಡಿ, "ನೀರು ಹಾಕಿದ್ದು ಒಳ್ಳೆಯದಾಯಿತು" ಅಂದರು. ಗಾಯ ಎಂಟಾಣೆ ನಾಣ್ಯದಷ್ಟಿತ್ತು. ಈಗ ವಾಸಿಯಾಗಿದೆ.

ಬೆಂಕಿಯ ಮುಂದೆ ನಾಲ್ಕು ನೂಲೂ ಬೇರೆ ಬೇರೆ ಥರ ನಡೆದುಕೊಳ್ಳುತ್ತವೆ. ಉಣ್ಣೆ ಸುಲಭವಾಗಿ ಹೊತ್ತುವುದಿಲ್ಲ, ಹೊತ್ತಿದರೂ ಕಿಡಿ ದೂರವಾದರೆ ತಾನೇ ಆರುತ್ತದೆ. ರೇಷ್ಮೆಯೂ ಪ್ರಾಣಿಯಿಂದ ಬಂದ ನೂಲೇ, ಅದೂ ಹೆಚ್ಚು ಕಡಿಮೆ ಹಾಗೆಯೇ. ಆದರೆ ಜೋತಾಡುವ ಸೆರಗು ಮಾತ್ರ ಒಲೆಯ ಮುಂದೆ ಯಾವತ್ತೂ ಶತ್ರು. ಹತ್ತಿ ಹೊತ್ತುತ್ತದೆ, ಉರಿಯುತ್ತದೆ, ಆದರೆ ಕರಗುವುದಿಲ್ಲ. ಜೀನ್ಸ್ ದಪ್ಪವಾದ್ದರಿಂದ ಕಿಡಿಗೆ ಸ್ವಲ್ಪ ತಡೆದುಕೊಂಡಿತು. ತೆಳು ಹತ್ತಿ ಬಟ್ಟೆಯಾಗಿದ್ದರೆ ಧೈರ್ಯ ಹೇಳಲಾಗದು. ಪಾಲಿಯೆಸ್ಟರ್ ಸುಮಾರು 250 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕರಗಿ ಮೈಗೆ ಅಂಟುತ್ತದೆ.

ಕಂಬಳಿಯೂ ಕೂಲಿಯವರದೇ

ರಾತ್ರಿ ಮನೆಯಲ್ಲಿ ಹುಡುಗ ಅಜ್ಜನ ಕಂಬಳಿ ಹೊದ್ದು ಮಲಗಿದ. "ತಾತ, ಇದಕ್ಕೆ ಯಾಕೆ ಏನೂ ಆಗಲಿಲ್ಲ?" ಎಂದು ಕೇಳಿದ. ಅವರು ಹೇಳತೊಡಗಿದರು. ನಮ್ಮ ಸೀಮೆಯ ಕರಿ ಕುರಿಯ ಉಣ್ಣೆ ಕತ್ತರಿಸಿ, ನೂತು, ಕುಣಿಮಗ್ಗದಲ್ಲಿ ನೇಯ್ದು, ಹುಣಸೆ ಬೀಜದ ಗಂಜಿ ಕೊಟ್ಟು ಬಿಗಿಮಾಡಿದ ಬಟ್ಟೆ ಅದು. ಕುರಿ ಕಾಯುವವನಿಗೆ ಮಳೆಯಲ್ಲಿ ಗೊಪ್ಪೆ, ಚಳಿಯಲ್ಲಿ ಹೊದಿಕೆ, ರಾತ್ರಿ ಹಾಸಿಗೆ. "ಇದೂ ನಿನ್ನ ಅಕ್ಕನ ಜೀನ್ಸ್ ಥರಾನೇ ಕಣೋ, ದುಡಿಯುವವರ ಬಟ್ಟೆ" ಅಂದರು.

ಆ ಮಾತು ನನ್ನನ್ನು ಚುಚ್ಚಿತು. ದುಡಿಯುವವರ ಕಂಬಳಿ ನನಗೆ ಮರ್ಯಾದೆಯ ಬಟ್ಟೆ, ದುಡಿಯುವವರ ಜೀನ್ಸ್ ಮಾತ್ರ ಅಮರ್ಯಾದೆ ಹೇಗಾಯಿತು?

ಆಗ ನನ್ನ ಹಳೆಯದೊಂದು ನೆನಪು ಎದ್ದಿತು. ಮೊಳಕಾಲ್ಮೂರಿನಲ್ಲಿ ಎಂಟನೇ ತರಗತಿಯಲ್ಲಿದ್ದಾಗ ನಾನು ಖೋಖೋದಲ್ಲಿ ಮುಂದಿದ್ದೆ. ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡುತ್ತಿದ್ದೆ. ಒಂದು ದಿನ ಅಂಚು ಕಾಲಿಗೆ ಸಿಕ್ಕಿ ಬಿದ್ದೆ. ಮೊಣಕಾಲು ತರಚಿತು, ಲಂಗ ಹರಿಯಿತು. ಮನೆಯಲ್ಲಿ ಯಾರೂ ಬೈಯಲಿಲ್ಲ. "ದೊಡ್ಡವಳಾದೆ, ಇನ್ನು ಆಟ ಸಾಕು" ಅಂದರು. ಅಷ್ಟಕ್ಕೇ ಮುಗಿಯಿತು. ನನ್ನ ಮೊಮ್ಮಗಳೂ ಖೋಖೋ ಆಡುತ್ತಾಳೆ, ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು. ಅವಳಿಗೆ ಯಾರೂ ಸಾಕು ಅಂದಿಲ್ಲ. ಬೆಳಗ್ಗೆ ಆಟೋ ಹತ್ತುವಾಗ ನಾನು ಅಂದದ್ದು ಮಾತ್ರ ಅಂಥದ್ದೇ ಒಂದು ಮಾತಾಗಿತ್ತು.

ಅವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. "ಬೆಳಗ್ಗೆ ಹಾಗನ್ನಬಾರದಿತ್ತು" ಅಂದೆ. "ಹೋಗ್ಲಿ ಬಿಡಜ್ಜಿ" ಅಂದಳು. ಸ್ವಲ್ಪ ಹೊತ್ತಿನ ಮೇಲೆ, "ಸೀರೆ ಉಟ್ಟುಕೊಂಡಿದ್ರೆ ಅವನನ್ನ ಹೊತ್ತು ಓಡೋಕೆ ಆಗ್ತಿರಲಿಲ್ಲ" ಅಂದಳು. ನಾನು ಹೌದು ಅಂದೆ.

ಮನೆಯವರೆಲ್ಲ ಒಪ್ಪಿದ ನಿಯಮ

ಜೀನ್ಸೋ ಟ್ರ್ಯಾಕ್ ಪ್ಯಾಂಟೋ ಎಂಬ ಜಗಳಕ್ಕೆ ನಮ್ಮ ಮನೆಯಲ್ಲಿ ಈಗ ಹೀಗೊಂದು ರಾಜಿ ಆಗಿದೆ. ನಿಮಗೂ ಉಪಯೋಗವಾದೀತು.

• ಓಟ, ಆಟ, ವ್ಯಾಯಾಮ, ಮಳೆಗಾಲದ ಶಾಲೆ: ಟ್ರ್ಯಾಕ್ ಪ್ಯಾಂಟ್. ಬೆವರಿದ ದಿನವೇ ಒಗೆಯಬೇಕು. ತಿರುವಿಹಾಕಿ ಒಗೆದರೆ ಜಿಡ್ಡು ಚೆನ್ನಾಗಿ ಹೋಗುತ್ತದೆ.

• ಸೈಕಲ್, ಹೊಲ, ಮುಳ್ಳುಬೇಲಿ, ದೂರದ ಪ್ರಯಾಣ: ಜೀನ್ಸ್. ಒಂದೇ ದಿನಕ್ಕೆ ಒಗೆಯಬೇಕಾಗಿಲ್ಲ. ನೀರೂ ಉಳಿಯುತ್ತದೆ, ಬಣ್ಣವೂ ಉಳಿಯುತ್ತದೆ.

• ಚಳ್ಳಕೆರೆಯ ಬೇಸಿಗೆಯಲ್ಲಿ ಮನೆಯೊಳಗೆ: ಎರಡೂ ಬೇಡ. ಸಡಿಲವಾದ ತೆಳು ಹತ್ತಿ ಬಟ್ಟೆ ಸಾಕು.

• ಒಲೆ, ದೀಪ, ಪಟಾಕಿ, ಬೆಂಕಿಯ ಹತ್ತಿರ: ಪಾಲಿಯೆಸ್ಟರ್ ಬೇಡ, ಜೋತಾಡುವ ಬಟ್ಟೆಯೂ ಬೇಡ. ಮೈಗೆ ಹೊಂದುವ ದಪ್ಪ ಹತ್ತಿ ಒಳ್ಳೆಯದು.

• ಬಟ್ಟೆಗೆ ಬೆಂಕಿ ಹತ್ತಿದರೆ ಓಡಬಾರದು. ಮುಖ ಮುಚ್ಚಿಕೊಂಡು ನೆಲದ ಮೇಲೆ ಮಲಗಿ ಉರುಳಬೇಕು.

• ಸುಟ್ಟ ಗಾಯಕ್ಕೆ 20 ನಿಮಿಷ ಹರಿಯುವ ತಣ್ಣೀರು. ಮಂಜುಗಡ್ಡೆ, ಎಣ್ಣೆ, ಪೇಸ್ಟ್, ಶಾಯಿ ಯಾವುದೂ ಬೇಡ. ಅಂಟಿದ ಬಟ್ಟೆ ಕೀಳದೆ, ಶುಭ್ರ ಬಟ್ಟೆ ಮುಚ್ಚಿ ವೈದ್ಯರ ಹತ್ತಿರ ಹೋಗಬೇಕು.

ಮಕ್ಕಳೇ, ನಿಮ್ಮ ಬಟ್ಟೆಯ ನೂಲು ಯಾವುದೆಂದು ತಿಳಿಯಲು ಬೆಂಕಿ ಹಚ್ಚಿ ನೋಡಬೇಡಿ. ಸೊಂಟದ ಒಳಗೆ ಹೊಲಿದಿರುವ ಚೀಟಿ ಓದಿ. ಎಷ್ಟು ಭಾಗ ಹತ್ತಿ, ಎಷ್ಟು ಭಾಗ ಪಾಲಿಯೆಸ್ಟರ್ ಎಂದು ಅಲ್ಲೇ ಬರೆದಿರುತ್ತದೆ. ಈಗಿನ ಜೀನ್ಸ್ ಅನೇಕವು ಬರೀ ಹತ್ತಿಯವಲ್ಲ ಎಂಬುದೂ ಆಗ ಗೊತ್ತಾಗುತ್ತದೆ.

ಮೊಮ್ಮಗನ ತೂತುಬಿದ್ದ ಟ್ರ್ಯಾಕ್ ಪ್ಯಾಂಟನ್ನು ನಾನು ಎಸೆಯಲಿಲ್ಲ. ಅಕ್ಕನ ಹಳೆಯ ಜೀನ್ಸಿನ ತುಂಡೊಂದನ್ನು ಕತ್ತರಿಸಿ ತೇಪೆ ಹಾಕಿಕೊಟ್ಟೆ. ಕಪ್ಪು ಬಟ್ಟೆಯ ಮೇಲೆ ನೀಲಿ ಚೌಕ. ನಾಚಿಕೊಳ್ಳುತ್ತಾನೇನೋ ಅಂದುಕೊಂಡಿದ್ದೆ. ಶನಿವಾರ ಅದನ್ನೇ ಹಾಕಿಕೊಂಡು ಶಾಲೆಗೆ ಹೋದ. ಸಂಜೆ ಬಂದು, "ಅಜ್ಜಿ, ನನ್ನ ಗೆಳೆಯನೂ ಅವನ ಪ್ಯಾಂಟ್ ತಂದುಕೊಡ್ತಾನಂತೆ, ತೇಪೆ ಹಾಕಿಕೊಡ್ತೀಯಾ?" ಎಂದು ಕೇಳಿದ.